ಬೆಕ್ಕಿಗೆ ಉಳಿದ ಎರಡು ಬಂಗಡೆ: ಕತೆ ಹೇಳಿ ಲೆಕ್ಕ ಕಲಿಸುವುದು ಹೇಗೆ?

ಜೂನ್, ಜುಲೈ ಬಂತೆಂದರೆ ನಮ್ಮ ಜಿಲ್ಲೆಯಲ್ಲಿ ಮಳೆ ರಜೆ ಶುರು. ರಾತ್ರಿ ರೆಡ್ ಅಲರ್ಟ್ ಸುದ್ದಿ ಬರುತ್ತದೆ, ಬೆಳಗ್ಗೆ ಮಕ್ಕಳು ಮನೆಯಲ್ಲೇ. ಕಾರವಾರದಿಂದ ಭಟ್ಕಳದವರೆಗೂ ಹೀಗೇ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲೂ ಹೀಗೇ. ಅಷ್ಟು ಹೊತ್ತಿಗೆ ಶಾಲೆಯಲ್ಲಿ ಪೋಷಕರ ಸಭೆ ಮುಗಿದಿರುತ್ತದೆ. ಈಚೆಗೆ ಆ ಸಭೆಗಳಲ್ಲಿ ಒಂದು ಮಾತು ಜಾಸ್ತಿ ಕೇಳಿಬರುತ್ತಿದೆ: ಬರೀ ಮಗ್ಗಿ ಬಾಯಿಪಾಠ ಮಾಡಿಸಬೇಡಿ, ಕತೆ ಹೇಳಿ ಲೆಕ್ಕ ಕಲಿಸಿ.

ಕೇಳುವಾಗ ಚೆಂದ. ಮನೆಗೆ ಬಂದು ಮಗುವಿನ ಪಕ್ಕ ಪುಸ್ತಕ ಬಿಚ್ಚಿ ಕೂತಾಗ ತಲೆಬಿಸಿ ಶುರುವಾಗುತ್ತದೆ. ಕಳೆಯುವ ಲೆಕ್ಕಕ್ಕೆ ಎಂಥ ಕತೆ ಹೇಳುವುದು? ಕತೆ ಹೇಳುತ್ತಾ ಕೂತರೆ ಲೆಕ್ಕ ಯಾವಾಗ ಮಾಡುವುದು? ಈ ಪ್ರಶ್ನೆಗಳಿಗೆ ಬುಡದಿಂದಲೇ ಉತ್ತರ ಹುಡುಕೋಣ.

ಈ ಮಾತು ಈಗ ಯಾಕೆ ಬಂತು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕ ಮೂರಕ್ಕೂ ದೊಡ್ಡ ಒತ್ತು ಕೊಟ್ಟಿತು. ಮರುವರ್ಷ, 2021ರ ಜುಲೈನಲ್ಲಿ, ಕೇಂದ್ರ ಸರ್ಕಾರ ನಿಪುಣ್ ಭಾರತ್ ಎಂಬ ಕಾರ್ಯಕ್ರಮ ಶುರುಮಾಡಿತು. ಮೂರನೇ ತರಗತಿ ಮುಗಿಸುವಷ್ಟರಲ್ಲಿ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬುದು ಅದರ ಗುರಿ. ಅದಕ್ಕೆ ಇಟ್ಟುಕೊಂಡ ಗಡುವು 2026-27. ಶಾಲೆಯಲ್ಲಿ ನೀವು ಕೇಳುವ 'ಎಫ್‌ಎಲ್‌ಎನ್' ಇದೇ. ಓದು-ಬರಹದ ಬುನಾದಿ ಮತ್ತು ಸಂಖ್ಯೆಯ ಬುನಾದಿ ಎಂದು ಅದರ ಅರ್ಥ.

ಕರ್ನಾಟಕಕ್ಕೆ ಇದು ತೀರಾ ಹೊಸದೇನಲ್ಲ. ಹಾಡು, ಆಟ, ಕತೆಯ ಜೊತೆ ಕಲಿಸುವ ನಲಿ-ಕಲಿ 1995ರಲ್ಲೇ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಹುಟ್ಟಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮನೆಯವರೂ ಇದರಲ್ಲಿ ಕೈಜೋಡಿಸಬೇಕು ಎಂಬ ಒತ್ತಾಯ ಈಗ ಹೆಚ್ಚಾಗಿದೆ, ಅಷ್ಟೇ.

ಮಗುವಿಗೆ ಲೆಕ್ಕ ಯಾಕೆ ಕಷ್ಟ?

ಐದು ಮಾವಿನಹಣ್ಣನ್ನು ನೋಡಬಹುದು, ಮುಟ್ಟಬಹುದು, ಮೂಸಬಹುದು. ಬರೀ 'ಐದು' ಎಲ್ಲಿದೆ? ಎಲ್ಲೂ ಇಲ್ಲ. ಅದು ನಮ್ಮ ತಲೆಯಲ್ಲಿರುವ ಒಂದು ಯೋಚನೆ. ಕಣ್ಣಿಗೆ ಕಾಣದ, ಕೈಗೆ ಸಿಗದ ಇಂಥ ಯೋಚನೆಗೆ 'ಅಮೂರ್ತ' ಎನ್ನುತ್ತಾರೆ. ದೊಡ್ಡವರಿಗೆ ಐದು ಎಂದರೆ ಐದೇ. ಆದರೆ ಆರು ವರ್ಷದ ಮಗು ಹಣ್ಣಿನಿಂದ '5' ಎಂಬ ಗೆರೆಗೆ ಹೋಗಬೇಕೆಂದರೆ ಅದೊಂದು ದೊಡ್ಡ ಹೊಳೆ ದಾಟಿದ ಹಾಗೆ.

ಆ ಹೊಳೆಗೆ ಸಂಕ, ಅಂದರೆ ದಾಟುವ ಕಾಲುಸೇತುವೆ, ಹೇಗೆ ಹಾಕುವುದು ಎಂದು ಅಮೆರಿಕದ ಮನಃಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ವಿವರಿಸಿದರು. ಮೊದಲು ಕೈಯಲ್ಲಿ ಮಾಡಿ ನೋಡುವುದು. ಆಮೇಲೆ ಚಿತ್ರವಾಗಿ ಕಾಣುವುದು. ಕೊನೆಗೆ ಗುರುತಿನಲ್ಲಿ, ಅಂದರೆ ಅಂಕಿಯಲ್ಲಿ, ಬರೆಯುವುದು. ನಾವು ಮನೆಯಲ್ಲಿ ಪಾಠ ಹೇಳುವಾಗ ಬಹಳ ಸಲ ಮೂರನೆಯದರಿಂದಲೇ ಶುರುಮಾಡುತ್ತೇವೆ. ಸಂಕ ಇಲ್ಲದೆ ಹೊಳೆ ದಾಟು ಎಂದರೆ ಮಗು ದಡದಲ್ಲೇ ನಿಲ್ಲುತ್ತದೆ. ಆಗ 'ಇವನಿಗೆ ಲೆಕ್ಕ ಹತ್ತುವುದಿಲ್ಲ' ಎಂದುಬಿಡುತ್ತೇವೆ.

ಕತೆ ಕೆಲಸ ಮಾಡುವುದು ಈ ಸಂಕದ ಜಾಗದಲ್ಲಿ. ಕತೆ ಕೇಳುವ ಮಗುವಿನ ಮನಸ್ಸಿನಲ್ಲಿ ಚಿತ್ರ ತಾನಾಗಿ ಮೂಡುತ್ತದೆ. ಯಾರು, ಎಲ್ಲಿ, ಅವರಿಗೆ ಏನು ಬೇಕು ಎಂಬುದೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತದೆ. ಬಿಡಿ ಬಿಡಿ ಅಂಕಿಗಳಿಗಿಂತ ಹೀಗೆ ಪೋಣಿಸಿದ್ದು ನೆನಪಿನಲ್ಲಿ ಚೆನ್ನಾಗಿ ಕೂರುತ್ತದೆ.

ತೆಂಗಿನಕಾಯಿ ಮಾರುವ ಹುಡುಗ

1985ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ಹೇಳಲೇಬೇಕು. ನಡೆದದ್ದು ದೂರದ ಬ್ರೆಜಿಲ್‌ನ ರೆಸಿಫೆ ಎಂಬ ಕಡಲ ತೀರದ ಊರಿನಲ್ಲಿ. ಅಲ್ಲಿನ ಸಂಶೋಧಕರು ಬೀದಿಯಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಹತ್ತಿರ ಗಿರಾಕಿಗಳಂತೆ ಹೋದರು. ಹನ್ನೆರಡು ವರ್ಷದ ಒಬ್ಬ ಹುಡುಗ ತೆಂಗಿನಕಾಯಿ ಮಾರುತ್ತಿದ್ದ. ಒಂದಕ್ಕೆ 35 ಕ್ರುಜೇರೊ, ಅಂದರೆ ಅಲ್ಲಿನ ಆಗಿನ ದುಡ್ಡು. ಹತ್ತು ಕಾಯಿಗೆ ಎಷ್ಟು ಎಂದು ಕೇಳಿದರು. ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210, ಮತ್ತೆ ಮೂರು ಸೇರಿದರೆ 315, ಇನ್ನೊಂದಕ್ಕೆ 35, ಒಟ್ಟು 350 ಎಂದು ಅವನು ಕೂಡಿಸುತ್ತಾ ಹೋದ. ಹತ್ತರಿಂದ ಗುಣಿಸಲು ಒಂದು ಸೊನ್ನೆ ಸೇರಿಸು ಎಂಬ ಶಾಲೆಯ ಉಪಾಯ ಅವನು ಬಳಸಲೇ ಇಲ್ಲ. ಆದರೂ ಉತ್ತರ ಸರಿ.

ಆಮೇಲೆ ಅದೇ ಮಕ್ಕಳಿಗೆ ಅದೇ ಲೆಕ್ಕಗಳನ್ನು ಶಾಲೆಯ ಪರೀಕ್ಷೆಯ ಹಾಗೆ ಕೊಟ್ಟರು. ಬೀದಿಯಲ್ಲಿ ಕೇಳಿದಾಗ ನೂರಕ್ಕೆ 98ರಷ್ಟು ಸರಿ ಇತ್ತು. ಬರೀ ಅಂಕಿ ಕೊಟ್ಟಾಗ ಅದು ಸುಮಾರು 37ಕ್ಕೆ ಇಳಿಯಿತು. ಅದನ್ನೇ ಒಂದು ಸನ್ನಿವೇಶದೊಳಗೆ ಇಟ್ಟು, ಮಾತಿನ ಲೆಕ್ಕವಾಗಿ ಕೇಳಿದಾಗ ಸುಮಾರು 74ಕ್ಕೆ ಏರಿತು. ಐದೇ ಮಕ್ಕಳ ಅಧ್ಯಯನ, ನಿಜ. ಆದರೆ ಅಂಕಿಗೆ ಅರ್ಥ ಸಿಕ್ಕಾಗ ಏನಾಗುತ್ತದೆ ಎಂಬುದು ಇಲ್ಲಿ ಎದುರಿಗೇ ಕಾಣುತ್ತದೆ.

ನಮ್ಮ ದೇಶದಲ್ಲೂ ಹೀಗೇ ಇದೆಯೇ? ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಅವರ ಜೊತೆಗಾರರು ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಗಮನಿಸಿ 2025ರಲ್ಲಿ ವರದಿ ಪ್ರಕಟಿಸಿದರು. ಅಂಗಡಿಯಲ್ಲಿ ಪಟಪಟನೆ ಲೆಕ್ಕ ಹೇಳುವ ಮಕ್ಕಳು ಶಾಲೆಯ ರೀತಿಯ ಲೆಕ್ಕದಲ್ಲಿ ತಡವರಿಸಿದರು. ಶಾಲೆಯ ಲೆಕ್ಕದಲ್ಲಿ ಚುರುಕಾಗಿದ್ದ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಒಂದು ಕಡೆಯ ಜಾಣತನ ತಾನಾಗಿ ಇನ್ನೊಂದು ಕಡೆ ದಾಟಲಿಲ್ಲ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಅಮ್ಮನ ಬುಟ್ಟಿಯ ಪಕ್ಕ ಕೂತು ಚಿಲ್ಲರೆ ಕೊಡುವ ಹುಡುಗಿ ಶಾಲೆಯಲ್ಲಿ ಲೆಕ್ಕ ಎಂದರೆ ಹೆದರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಅವಳಿಗೆ ಲೆಕ್ಕ ಬರುತ್ತದೆ. ಅದನ್ನು ಪುಸ್ತಕಕ್ಕೆ ದಾಟಿಸುವವರು ಬೇಕು.

ಹೆಸರು ಸೇರಿಸಿದ ಮಾತ್ರಕ್ಕೆ ಕತೆಯಾಗುವುದಿಲ್ಲ

'ರಾಮನ ಬಳಿ 52 ಹಣ್ಣುಗಳಿವೆ. 27 ಮಾರಿದನು. ಉಳಿದದ್ದೆಷ್ಟು?' ಪುಸ್ತಕದಲ್ಲಿ ಇಂಥದ್ದು ಬೇಕಾದಷ್ಟಿವೆ. ಇದರಲ್ಲಿ ರಾಮನ ಜಾಗದಲ್ಲಿ ಸೋಮನನ್ನು ಕೂರಿಸಿದರೂ ಏನೂ ಬದಲಾಗುವುದಿಲ್ಲ. ಮಕ್ಕಳಿಗೂ ಅದು ಗೊತ್ತು. 'ಉಳಿದದ್ದು' ಎಂಬ ಪದ ಕಂಡರೆ ಕಳೆಯುವುದು, 'ಒಟ್ಟು' ಎಂದರೆ ಕೂಡುವುದು ಎಂದು ಅವರು ಪದ ಹಿಡಿದು ಮಾಡುತ್ತಾರೆ. ಕತೆ ಓದುವುದೇ ಇಲ್ಲ.

ಲೆಕ್ಕದ ಕತೆಯಲ್ಲಿ ಒಬ್ಬರಿಗೆ ಒಂದು ತೊಂದರೆ ಬರಬೇಕು. ಲೆಕ್ಕ ಮಾಡದೆ ಆ ತೊಂದರೆ ಬಗೆಹರಿಯಬಾರದು. ಇಷ್ಟಿದ್ದರೆ ಸಾಕು. ರಾಜಕುಮಾರಿ, ರಾಕ್ಷಸ ಯಾರೂ ಬೇಡ.

ಪೆಟ್ಟಿಗೆ ಒಡೆದ ಕತೆ

ಮೂರನೇ ತರಗತಿಯ ನನ್ನ ಸೊಸೆ, ಅಂದರೆ ಅಕ್ಕನ ಮಗಳು, ಒಂದು ಮಳೆ ರಜೆಯಲ್ಲಿ 52ರಲ್ಲಿ 27 ಕಳೆದು 35 ಎಂದು ಬರೆದಿದ್ದಳು. ಹೇಗೆ ಬಂತು ಎಂದು ಕೇಳಿದೆ. "ಎರಡರಲ್ಲಿ ಏಳು ಹೋಗಲ್ಲ ಮಾವ. ಅದಕ್ಕೆ ಏಳರಲ್ಲಿ ಎರಡು ಕಳೆದೆ" ಎಂದಳು. ಇದು ಗಮನ ಇಲ್ಲದೆ ಆದ ತಪ್ಪಲ್ಲ. ಅವಳು ಯೋಚಿಸಿಯೇ ಮಾಡಿದ್ದಾಳೆ. 52 ಎಂಬುದು ಅವಳಿಗೆ ಅಕ್ಕಪಕ್ಕ ನಿಂತ ಎರಡು ಅಂಕಿ, ಅಷ್ಟೇ. ಆ ಐದರೊಳಗೆ ಐವತ್ತು ಇದೆ ಎಂಬುದು ಕಂಡಿಲ್ಲ. ಅಂಕಿ ನಿಂತ ಜಾಗಕ್ಕೆ ತಕ್ಕಂತೆ ಅದರ ಬೆಲೆ ಬದಲಾಗುವುದಕ್ಕೆ 'ಸ್ಥಾನಬೆಲೆ' ಎನ್ನುತ್ತೇವೆ. ಚಿಕ್ಕ ತರಗತಿಯ ಅರ್ಧಕ್ಕರ್ಧ ತಪ್ಪುಗಳು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅನಿಸಿಕೆ.

ಪುಸ್ತಕ ಮುಚ್ಚಿಟ್ಟೆವು. ಅಡುಗೆಮನೆಯಿಂದ ಹುಣಸೆ ಬೀಜ ತಂದಳು. ಐದು ಖಾಲಿ ಬೆಂಕಿಪೊಟ್ಟಣದಲ್ಲಿ ಹತ್ತತ್ತು ಬೀಜ ತುಂಬಿದಳು. ಎರಡು ಬೀಜ ಹೊರಗೆ ಉಳಿದವು. ಆಮೇಲೆ ಕತೆ. ಅಂಕೋಲೆಯ ಹೆದ್ದಾರಿ ಪಕ್ಕ ಒಬ್ಬ ಅಜ್ಜಿ ಕರಿ ಇಶಾಡ ಮಾವು ಮಾರುತ್ತಾಳೆ. ಹತ್ತತ್ತು ಹಣ್ಣಿನ ಐದು ಪೆಟ್ಟಿಗೆ, ಬಿಡಿ ಹಣ್ಣು ಎರಡು. ಮೋಡ ಕಟ್ಟಿದೆ, ಇನ್ನೇನು ಮಳೆ ಬೀಳಬೇಕು. ಒಂದು ಕಾರು ನಿಂತಿತು. ಕಾರಿನವನಿಗೆ ಸರಿಯಾಗಿ 27 ಹಣ್ಣು ಬೇಕು, ಒಂದೂ ಹೆಚ್ಚು ಬೇಡ. ಅಜ್ಜಿ ಏನು ಮಾಡಬೇಕು?

ಅವಳು ಎರಡು ಪೊಟ್ಟಣ ಮುಂದೆ ತಳ್ಳಿದಳು. ಬಿಡಿ ಬೀಜ ಎರಡನ್ನೂ ಇಟ್ಟಳು. ಸುಮ್ನೆ ನೋಡುತ್ತಾ ಕೂತಳು. ಇನ್ನೂ ಐದು ಬೇಕು, ಬಿಡಿ ಹಣ್ಣು ಮುಗಿದಿದೆ. ನಾನು ಬಾಯಿ ಬಿಡಲಿಲ್ಲ. "ಪೆಟ್ಟಿಗೆ ಒಡೀಬೇಕು ಮಾವ!" ಎಂದು ಕೂಗಿ ಮೂರನೇ ಪೊಟ್ಟಣ ಬಿಚ್ಚಿ ಸುರಿದಳು. ಐದು ಎಣಿಸಿ ಕೊಟ್ಟಳು. ಅಜ್ಜಿಯ ಹತ್ತಿರ ಉಳಿದದ್ದು ಎರಡು ಪೆಟ್ಟಿಗೆ, ಐದು ಬಿಡಿ. ಅವಳು ತಾನಾಗಿ ಪುಸ್ತಕ ತೆಗೆದು 35 ಅಳಿಸಿದಳು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ಆಮೇಲೆ ನಾವಿಬ್ಬರೂ ಅದನ್ನೇ ಕಾಗದದಲ್ಲಿ ಬರೆದೆವು. ಐದನ್ನು ಹೊಡೆದು ನಾಲ್ಕು ಮಾಡುವುದು ಎಂದರೆ ಒಂದು ಪೆಟ್ಟಿಗೆ ಒಡೆದದ್ದು. ಎರಡು ಹನ್ನೆರಡಾಗುವುದು ಎಂದರೆ ಹತ್ತು ಹಣ್ಣು ಹೊರಗೆ ಬಂದದ್ದು. 'ಕಡ ತಗೊಳ್ಳುವುದು' ಎಂದು ಶಾಲೆಯಲ್ಲಿ ಹೇಳುವ ಮಾತಿಗೆ ಈಗ ಅವಳಿಗೆ ಒಂದು ಚಿತ್ರ ಸಿಕ್ಕಿತ್ತು. ಕೈ, ಚಿತ್ರ, ಅಂಕಿ: ಬ್ರೂನರ್ ಹೇಳಿದ ಮೂರೂ ಮೆಟ್ಟಿಲು ಇಲ್ಲಿವೆ.

ಹಪ್ಪಳ ಮತ್ತು ನೆಂಟರು

ಭಿನ್ನರಾಶಿ ಎಂದರೆ ಒಂದು ಇಡಿಯ ಸಮನಾದ ಪಾಲುಗಳ ಲೆಕ್ಕ. ಎಂಟು ನಾಲ್ಕಕ್ಕಿಂತ ದೊಡ್ಡದು, ಹಾಗಾಗಿ ಎಂಟನೇ ಒಂದು ನಾಲ್ಕನೇ ಒಂದಕ್ಕಿಂತ ದೊಡ್ಡದು ಎಂದು ಮಕ್ಕಳು ಸಹಜವಾಗಿ ನಂಬುತ್ತಾರೆ. ಶಿರಸಿ ಕಡೆಯ ಮನೆಗಳಲ್ಲಿ ಇದಕ್ಕೆ ಮಳೆಗಾಲದ ಒಂದು ಹಲಸಿನ ಹಪ್ಪಳ ಸಾಕು.

ಡಬ್ಬದಲ್ಲಿ ಉಳಿದಿರುವುದು ಒಂದೇ ಹಪ್ಪಳ. ಅಣ್ಣ-ತಂಗಿ ಅರ್ಧರ್ಧ ಮಾಡಿಕೊಂಡು ಇನ್ನೇನು ಬಾಯಿಗಿಡಬೇಕು, ಬಾಗಿಲು ಸದ್ದಾಯಿತು. ನೆನೆದುಕೊಂಡು ಬಂದ ಇಬ್ಬರು ನೆಂಟರ ಮಕ್ಕಳು. ಈಗ ನಾಲ್ಕು ಪಾಲು. ಮತ್ತೆ ಸದ್ದು, ಇನ್ನೂ ನಾಲ್ವರು. ಎಂಟು ಪಾಲು. ಬಾಗಿಲು ಬಡಿದಾಗಲೆಲ್ಲ ಮಗುವಿನ ಮುಖ ನೋಡಿ. ಕೆಳಗಿನ ಅಂಕಿ ದೊಡ್ಡದಾದಷ್ಟೂ ತನ್ನ ಪಾಲು ಸಣ್ಣದಾಗುತ್ತದೆ ಎಂಬುದು ಹೊಟ್ಟೆಗೇ ಅರ್ಥವಾಗಿರುತ್ತದೆ. ಹಪ್ಪಳ ಸರಿಯಾಗಿ ಮುರಿಯುವುದಿಲ್ಲ, ಆದ್ದರಿಂದ ಕತೆ ಮುಗಿದ ಮೇಲೆ ದುಂಡಗಿನ ಕಾಗದ ಮಡಚಿ ತೋರಿಸಿ. ಪಾಲುಗಳು ಸಮ ಇರಬೇಕು ಎಂಬುದು ಆಗ ಗಟ್ಟಿಯಾಗುತ್ತದೆ.

ನಮ್ಮ ಹಿರಿಯರೂ ಹೀಗೇ ಕಲಿಸುತ್ತಿದ್ದರು

ಸುಮಾರು 850ರಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಭಾಸ್ಕರಾಚಾರ್ಯನ ಲೀಲಾವತಿ 1150ರದ್ದು. ಎರಡರಲ್ಲೂ ಲೆಕ್ಕಗಳು ಪದ್ಯದಲ್ಲಿವೆ. ಒಳಗೆ ಹೂವು, ಹಕ್ಕಿ, ಹಣ್ಣು, ಆನೆ ಎಲ್ಲ ಬರುತ್ತವೆ. ಅದೇ 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ.

ಲೀಲಾವತಿಯ ಜೇನಿನ ಲೆಕ್ಕವನ್ನು ನಮ್ಮ ತುಡುವೆ ಜೇನಿಗೆ ಹೊಂದಿಸಿ ಹೇಳಬಹುದು. ಒಂದು ಹಿಂಡಿನ ಐದನೇ ಒಂದು ಭಾಗ ಒಂದು ಹೂವಿಗೆ ಹೋಯಿತು. ಮೂರನೇ ಒಂದು ಭಾಗ ಇನ್ನೊಂದು ಹೂವಿಗೆ. ಈ ಎರಡು ಗುಂಪಿನ ವ್ಯತ್ಯಾಸದ ಮೂರು ಪಟ್ಟು ಮತ್ತೊಂದು ಹೂವಿಗೆ. ಒಂದೇ ಒಂದು ಜೇನು ಎಲ್ಲಿ ಕೂರುವುದೆಂದು ತಿಳಿಯದೆ ಗಾಳಿಯಲ್ಲೇ ಸುತ್ತುತ್ತಿದೆ. ಹಿಂಡಿನಲ್ಲಿ ಒಟ್ಟು ಎಷ್ಟು?

ಬೀಜಗಣಿತ ಬೇಡ. ಐದರಿಂದಲೂ ಮೂರರಿಂದಲೂ ಭಾಗವಾಗುವ ಸಂಖ್ಯೆ ಹುಡುಕಲಿ. ಹದಿನೈದು ಸಿಗುತ್ತದೆ. ಮೂರು, ಐದು, ವ್ಯತ್ಯಾಸ ಎರಡರ ಮೂರು ಪಟ್ಟು ಆರು. ಒಟ್ಟು ಹದಿನಾಲ್ಕು. ಸುತ್ತುತ್ತಿರುವ ಒಂದು ಸೇರಿ ಹದಿನೈದು! ಆ ಒಂಟಿ ಜೇನು ಇದೆಯಲ್ಲ, ಮಗುವಿನ ಮನಸ್ಸಿನಲ್ಲಿ ಉಳಿಯುವುದು ಅದೇ.

ತಾಳದಲ್ಲಿ, ಭರತಿಯಲ್ಲಿ

ದೊಡ್ಡ ಮಕ್ಕಳಿಗೆ ಊರೇ ಕತೆಯ ಗಣಿ. ಲ.ಸಾ.ಅ. ಎಂದರೆ ಎರಡು ಸಂಖ್ಯೆಗಳ ಮಗ್ಗಿಗಳು ಮೊದಲ ಸಲ ಭೇಟಿಯಾಗುವ ಜಾಗ. ಯಕ್ಷಗಾನ ನೋಡಿ ಬೆಳೆದ ಮಕ್ಕಳಿಗೆ ತಾಳದಲ್ಲಿ ತೋರಿಸಿ. ಒಬ್ಬ ಏಕತಾಳದ ಹಾಗೆ ನಾಲ್ಕು ಎಣಿಕೆಗೊಮ್ಮೆ ಜೋರಾಗಿ ತಟ್ಟಲಿ. ಇನ್ನೊಬ್ಬ ರೂಪಕದ ಹಾಗೆ ಆರು ಎಣಿಕೆಗೊಮ್ಮೆ. ಇಬ್ಬರ ಏಟೂ ಒಟ್ಟಿಗೆ ಬೀಳುವುದು ಹನ್ನೆರಡು ಎಣಿಕೆಗೊಮ್ಮೆ. ಕಿವಿಯೇ ಉತ್ತರ ಹೇಳುತ್ತದೆ.

ಭರತಿ-ಇಳಿತದ್ದು, ಅಂದರೆ ಕಡಲ ನೀರು ಏರಿ ಇಳಿಯುವುದರ ಲೆಕ್ಕ, ಇನ್ನೂ ಚೆಂದ. ಚಂದ್ರ ಭೂಮಿಯನ್ನು ಸುತ್ತುವುದರಿಂದ ಭರತಿಯ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತದೆ. ಇಂದು ಬೆಳಗ್ಗೆ 6ಕ್ಕೆ ಬಂದರೆ ನಾಳೆ 6.50, ನಾಡಿದ್ದು 7.40. ಕುಮಟಾದ ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪಿ, ಹೆಕ್ಕುವವರು ಇಳಿತಕ್ಕೆ ಕಾಯಬೇಕು. ನೀನೇ ಹೆಕ್ಕಲು ಹೋಗುವವಳು ಅಂದುಕೋ, ಮುಂದಿನ ಭಾನುವಾರ ಎಷ್ಟು ಹೊತ್ತಿಗೆ ಮನೆ ಬಿಡುತ್ತೀ? ಗಂಟೆ-ನಿಮಿಷ ಕೂಡುವ ಲೆಕ್ಕ ಇದಕ್ಕಿಂತ ಜೀವಂತವಾಗಿ ನನಗೆ ಬೇರೆಲ್ಲೂ ಸಿಕ್ಕಿಲ್ಲ.

'ಅಂದುಕೋ' ಎಂಬ ಒಂದು ಪದದಲ್ಲೇ ಕಲ್ಪನೆಯ ಶಕ್ತಿ ಇದೆ. ಅಡಿಕೆ ತೋಟದಲ್ಲಿ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವ, ಸಂಬಳದ ಬದಲು ಮೊದಲ ದಿನ ಒಂದು ಅಡಿಕೆ, ಎರಡನೇ ದಿನ ಎರಡು, ಮೂರನೇ ದಿನ ನಾಲ್ಕು, ಹೀಗೆ ದಿನಾ ದುಪ್ಪಟ್ಟು ಕೇಳಿದ ಅಂದುಕೋ. ಒಪ್ಪಿಕೊಳ್ಳಬಹುದಾ? ಮಕ್ಕಳು ಮೊದಲು ನಕ್ಕು 'ಹ್ಞೂಂ' ಎನ್ನುತ್ತಾರೆ. ಹತ್ತನೇ ದಿನ 512. ಇಪ್ಪತ್ತನೇ ದಿನ 5,24,288. ಮೂವತ್ತನೇ ದಿನ ಒಂದೇ ದಿನಕ್ಕೆ 53 ಕೋಟಿ 68 ಲಕ್ಷ 70 ಸಾವಿರದ 912. ಚದುರಂಗದ ಮನೆಗಳಲ್ಲಿ ಕಾಳು ಇಡುವ ಹಳೆಯ ಕತೆಯ ಲೆಕ್ಕವೇ ಇದು. ನಮ್ಮ ತೋಟಕ್ಕೆ ಬಂದಾಗ ಹತ್ತಿರವಾಗುತ್ತದೆ.

ಮನೆಮಾತಿನಲ್ಲೇ ಹೇಳಿ

ಕಾರವಾರದ ಬಹಳ ಮಕ್ಕಳ ಮನೆಮಾತು ಕೊಂಕಣಿ, ಶಾಲೆಯ ಮಾತು ಕನ್ನಡ. ಕನ್ನಡದ 'ಇಪ್ಪತ್ತೈದು' ಮೊದಲು ಇಪ್ಪತ್ತನ್ನು, ಆಮೇಲೆ ಐದನ್ನು ಹೇಳುತ್ತದೆ. 25 ಎಂದು ಬರೆಯುವ ಕ್ರಮವೂ ಅದೇ. ಕೊಂಕಣಿಯ 'ಪಂಚವೀಸ' ಐದನ್ನು ಮೊದಲು ಹೇಳುತ್ತದೆ. ಮಗು 25ರ ಬದಲು 52 ಬರೆದರೆ ಬೈಯುವ ಮುಂಚೆ ಅದು ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಎಣಿಸಿತು ಎಂದು ಕೇಳಿ. ಕತೆ ಮನೆಮಾತಿನಲ್ಲಿರಲಿ, ಹವ್ಯಕ, ಹಾಲಕ್ಕಿ, ಕೊಂಕಣಿ, ಯಾವುದಾದರೂ ಸರಿ. ಶಾಲೆಯ ಪದವನ್ನು ಕೊನೆಯಲ್ಲಿ ಸೇರಿಸಿದರಾಯಿತು.

ಕತೆ ಎಲ್ಲಿ ಕೈಕೊಡುತ್ತದೆ?

ಕತೆ ಉದ್ದವಾದರೆ ಲೆಕ್ಕ ಅದರಡಿ ಮುಚ್ಚಿಹೋಗುತ್ತದೆ. ಅಜ್ಜಿಯ ಸೀರೆ ಬಣ್ಣ, ಕಾರಿನ ಬಣ್ಣ ಎಲ್ಲ ಹೇಳುತ್ತಾ ಹೋದರೆ ಮಗುವಿಗೆ ನೆನಪಿರುವುದು ಬಣ್ಣವೇ. ಎರಡು-ಮೂರು ನಿಮಿಷ ಸಾಕು. ಮಗ್ಗಿಯನ್ನು ಬಿಟ್ಟುಬಿಡಬಹುದು ಎಂದೂ ಇದರ ಅರ್ಥವಲ್ಲ. ಏಳೆಂಟಲ ಎಷ್ಟು ಎಂದು ಪ್ರತಿ ಸಲ ಎಣಿಸುತ್ತಾ ಕೂತರೆ ದೊಡ್ಡ ಲೆಕ್ಕಕ್ಕೆ ತಲೆಯಲ್ಲಿ ಜಾಗ ಉಳಿಯುವುದಿಲ್ಲ. ಮೊದಲು ಅರ್ಥ, ಆಮೇಲೆ ಅಭ್ಯಾಸ. ಇನ್ನೊಂದು ಮಾತು: ಮಗು ತಪ್ಪಿದಾಗ ಕತೆಯನ್ನು ಅಲ್ಲೇ ನಿಲ್ಲಿಸಿ ಉತ್ತರ ಹೇಳಿಬಿಡಬೇಡಿ. ಅಜ್ಜಿಯ ಹತ್ತಿರ ಬಿಡಿ ಹಣ್ಣು ಮುಗಿದಾಗ ಇದ್ದ ಆ ಅರ್ಧ ನಿಮಿಷದ ಮೌನದಲ್ಲೇ ಕಲಿಕೆ ನಡೆದದ್ದು.

ಕತೆ ಕಟ್ಟುವುದು ಮಗುವಿನ ಕೈಗೆ

ಕೊನೆಯ ಹೆಜ್ಜೆ ತಿರುವುಮುರುವು. ನಾವು ಕತೆ ಹೇಳಿ ಲೆಕ್ಕ ಕೇಳುವ ಬದಲು, ಲೆಕ್ಕ ಕೊಟ್ಟು ಕತೆ ಕೇಳಬೇಕು. ಅದೇ ಸೊಸೆಗೆ ಮೊನ್ನೆ 50ನ್ನು 6ರಿಂದ ಭಾಗಿಸುವ ಕತೆ ಹೇಳು ಎಂದೆ. ಸ್ವಲ್ಪ ಹೊತ್ತು ಬೆರಳು ಕಚ್ಚಿದಳು. "ಐವತ್ತು ಬಂಗಡೆ, ಆರು ಮನೆ. ಒಂದೊಂದು ಮನೆಗೆ ಎಂಟು. ಎರಡು ಉಳೀತು, ಬೆಕ್ಕಿಗೆ."

ನಾನು ಇನ್ನೊಂದು ಕೇಳಿದೆ. ಹೊಳೆ ದಾಟಲು 50 ಜನ ಇದ್ದಾರೆ, ದೋಣಿಯಲ್ಲಿ ಸಲಕ್ಕೆ ಆರೇ ಜನ. ಎಷ್ಟು ಸಲ ಹೋಗಬೇಕು? "ಎಂಟು" ಎಂದಳು. ಹಾಗಾದರೆ ಕೊನೆಯ ಇಬ್ಬರು? ಕಣ್ಣು ದೊಡ್ಡದಾಯಿತು. "ಅವರನ್ನ ಬೆಕ್ಕಿಗೆ ಹಾಕ್ಲಿಕ್ಕೆ ಆಗಲ್ಲ! ಒಂಬತ್ತು." 50 ಮೀಟರ್ ಹಗ್ಗ ಆರು ಜನರಿಗೆ ಎಂದಿದ್ದರೆ ಉಳಿದ ಎರಡು ಮೀಟರನ್ನೂ ಕತ್ತರಿಸಿ ಹಂಚಬಹುದಿತ್ತು. ತಲಾ ಎಂಟು ಮೀಟರ್, ಮೇಲೆ 33 ಸೆಂಟಿಮೀಟರ್ ಚಿಲ್ಲರೆ.

ಭಾಗಾಕಾರ ಒಂದೇ, ಉತ್ತರ ಮೂರು. ಉಳಿದ ಎರಡನ್ನು ಏನು ಮಾಡಬೇಕೆಂದು ಹೇಳುವುದು ಕತೆ. ಹಗ್ಗದ್ದನ್ನು ನಾನು ಅವಳಿಗೆ ಇನ್ನೂ ಕೇಳಿಲ್ಲ. ಮುಂದಿನ ರಜೆಗೆ ಇಟ್ಟುಕೊಂಡಿದ್ದೇನೆ.